ಜೀಪಿಗೆ ಎಣ್ಣೆ ಕುಡಿಸಿದ ಸೋಮವಾರ

ನಮ್ಮ ಮನೆಯ ಜೀಪು ಸೋಮವಾರ ಓಡುತ್ತಿರಲಿಲ್ಲ. ಕೆಟ್ಟಿತ್ತು ಅಂತಲ್ಲ, ಡೀಸೆಲ್ ಇರಲಿಲ್ಲ ಅಂತಲೂ ಅಲ್ಲ. ಸೋಮವಾರ ಬಸವಣ್ಣನ ವಾರ, ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತು ಹೋಗಿ ಜೀಪು ಬಂದ ಮಾತ್ರಕ್ಕೆ ಆ ರಜೆಯನ್ನು ಕಸಿದುಕೊಳ್ಳುವುದು ಯಾವ ನ್ಯಾಯ ಎಂದು ನನ್ನ ಮಾವನವರು ಕೇಳುತ್ತಿದ್ದರು. ಬೈಲಹೊಂಗಲದಲ್ಲಿ ಮದುವೆಯಿರಲಿ, ಕಿತ್ತೂರಿನಲ್ಲಿ ನಾಮಕರಣವಿರಲಿ, ಸೋಮವಾರ ಬಿತ್ತೆಂದರೆ ಮನೆ ಮಂದಿಯೆಲ್ಲ ಬಸ್ಸಿಗಾಗಿ ರಸ್ತೆಯಲ್ಲಿ ನಿಲ್ಲಬೇಕು. ಜೀಪು ಬೇವಿನ ಮರದ ನೆರಳಲ್ಲಿ ಹಾಯಾಗಿ ನಿಂತಿರುತ್ತಿತ್ತು. ಉಳುಮೆಗೆ ಬರುವ ಬಾಡಿಗೆ ಟ್ರ್ಯಾಕ್ಟರಿಗೆ ಮಾತ್ರ ಈ ನಿಯಮವಿರಲಿಲ್ಲ. ಅದು ಬೇರೆಯವರದು, ಅದರ ಪಾಪ ಅವರಿಗೆ.

ಜೀಪು ಅಂದೆ. ಈಗಿನವರು ಎಸ್‌ಯುವಿ ಅನ್ನುತ್ತಾರೆ. ಎರಡು ಸಾವಿರದ ಇಸವಿಯ ಆಚೀಚೆ ನಮ್ಮ ಕಡೆ ಎತ್ತರಕ್ಕೆ ನಿಂತ, ಹಿಂದೆ ಬಾಗಿಲಿರುವ ಡೀಸೆಲ್ ಗಾಡಿಯೆಲ್ಲ ಜೀಪೇ. ನಮ್ಮ ಮನೆಯವರು, ಅಂದರೆ ನನ್ನ ಯಜಮಾನರು, ಕಿತ್ತೂರಿನ ಗುತ್ತಿಗೆದಾರರೊಬ್ಬರಿಂದ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದರು. ಬೈಲಹೊಂಗಲದ ಮಗ್ಗುಲಿನ ನಮ್ಮ ಊರಿಗೆ ಅದು ಬಂದ ದಿನ ಮಾವ ಸುತ್ತಲೂ ಒಂದು ಸುತ್ತು ಹಾಕಿದರು, ಬಗ್ಗಿ ಹೊಟ್ಟೆಯ ಕೆಳಗೆ ನೋಡಿದರು, ಟೈರನ್ನು ಅಂಗಾಲಿನಿಂದ ಒತ್ತಿದರು. ಬಾಯಿ ತೆರೆಸಿ ಹಲ್ಲು ಎಣಿಸಲಿಲ್ಲ, ಅಷ್ಟೆ. ಎತ್ತು ಸಿಂಗರಿಸುವ ಕಾರಹುಣ್ಣಿಮೆ ಬಂದಾಗ ಬಂಪರಿಗೆ ಕೆಂಪು ಬಣ್ಣ ಬಳಿದು ಗೊಂಡೆ ಕಟ್ಟಿದರು. ಕೀಲಿಕೈ ಮಾತ್ರ ದನಕ್ಕೆ ಮೇವು ಹಾಕುವ ಗೋದಲಿಯ ಮೇಲಿನ ಗೂಟಕ್ಕೆ ನೇತುಬಿತ್ತು. ಮೊದಲು ಆ ಗೂಟದಲ್ಲಿ ಎತ್ತಿನ ಹಗ್ಗ ಇರುತ್ತಿತ್ತು, ಅದನ್ನು ಮಾವನ ಹೊರತು ಯಾರೂ ಮುಟ್ಟುತ್ತಿರಲಿಲ್ಲ. ಈಗ ಕೀಲಿಕೈಯನ್ನೂ ಅವರನ್ನು ಕೇಳಿಯೇ ತೆಗೆಯಬೇಕು, ತಂದ ಮಗನೂ ಕೇಳಬೇಕು.

ಆ ಕೀಲಿಕೈ ನನಗೆ ಬೇಕಿತ್ತು.

ನನ್ನ ತವರು ರಾಮದುರ್ಗ. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಮುಟ್ಟುವ ಊರು. ಆದರೆ ತವರಿಗೆ ಹೋಗುವುದು ದೂರದ ಮಾತಲ್ಲ, ಪದ್ಧತಿಯ ಮಾತು. ಕರೆಯಲು ಅಲ್ಲಿಂದ ಒಬ್ಬರು ಬರಬೇಕು, ತಿರುಗಿ ಕರೆತರಲು ಇಲ್ಲಿಂದ ಒಬ್ಬರು ಹೋಗಬೇಕು. ಹೆಣ್ಣುಮಗಳು ತಾನಾಗಿ ಚೀಲ ಎತ್ತಿಕೊಂಡು ಬಸ್ಸು ಹತ್ತಿದರೆ ಗಂಡನ ಮನೆಯಲ್ಲಿ ಜಗಳವಾಗಿದೆ ಎಂದೇ ಎರಡೂ ಊರು ತಿಳಿಯುತ್ತವೆ. ನನ್ನ ಅಣ್ಣನಿಗೆ ಅಂಗಡಿ ಬಿಟ್ಟು ಬರಲು ಪುರಸೊತ್ತು ಸಿಗುವ ಹೊತ್ತಿಗೆ ನನಗಿಲ್ಲಿ ಶೇಂಗಾ ಬಿಡಿಸುವ ಕೆಲಸ ಬಂದಿರುತ್ತಿತ್ತು. ಹೇಗೋ ಹೋಗಿ ಅವ್ವನ ಜೊತೆ ಮಾತಿಗೆ ರುಚಿ ಹತ್ತಿತು ಅನ್ನುವಷ್ಟರಲ್ಲಿ ಇವರು ಕರೆಯಲು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಆ ಚಪ್ಪಲಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡನ ಮೇಲೆ ಸಿಟ್ಟಲ್ಲ, ಚಪ್ಪಲಿಯ ಮೇಲೆ.

ಹೀಗಾಗಿ ಜೋಳ ಕೊಯ್ದ ಹೊಲದಲ್ಲಿ ಜೀಪು ಓಡಿಸಲು ಕಲಿತೆ. ಕಲಿಸಿದವರು ಇವರೇ. ಕಲಿಸುವ ದಿನಗಳಲ್ಲಿ ನಾವಿಬ್ಬರೂ ಸಂಜೆಗೆ ಮಾತು ಬಿಡುತ್ತಿದ್ದೆವು, ಮುಂಜಾನೆ ಮತ್ತೆ ಕ್ಲಚ್ಚಿನ ನೆಪದಲ್ಲಿ ಮಾತು ಹತ್ತುತ್ತಿತ್ತು. ಲೈಸೆನ್ಸು ಬಂತು. ಕೀಲಿಕೈ ಬರಲಿಲ್ಲ. ಒಂದು ದಿನ ಧೈರ್ಯ ಮಾಡಿ ಮಾವನ ಮುಂದೆ ನಿಂತೆ.

"ಮಾವಾರ, ರಾಮದುರ್ಗಕ್ಕ ನಾನ ಜೀಪ ತಗೊಂಡ ಹೋಗಿ ಬರತೇನ್ರಿ. ಯಾರೂ ಕರ್ಯಾಕ ಬರೂದ ಬ್ಯಾಡ, ಯಾರೂ ತರಾಕ ಬರೂದ ಬ್ಯಾಡ."

ಮಾವ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. "ಹೆಣ್ಮಕ್ಕಳು ಗಾಡಿ ಹೊಡೀಬಾರದು ಅಂತ ನಾ ಅನ್ನಂಗಿಲ್ಲ ತಂಗಿ," ಅಂದರು. "ಖರೇ ಅಂದ್ರ, ನನ್ನ ಎತ್ತ ನಾ ಯಾರಿಗೂ ಕೊಟ್ಟಾಂವ ಅಲ್ಲ. ಮೈ ತೊಳದು, ಹೊಟ್ಟಿ ನೋಡಿ, ಎಣ್ಣಿ ಕುಡಿಸಿದಾಂವ ಹೂಡಬೇಕು. ನೀ ಅದರ ಹೊಟ್ಟಿ ಕೆಳಗ ಒಮ್ಮೆರ ಹಣಿಕಿ ಹಾಕೀಯೇನ?"

ಹಾಕಿರಲಿಲ್ಲ.

"ಈ ಸಲ ಎಣ್ಣಿ ಬದ್ಲಿ ನೀನ ಮಾಡು. ಚಲೋತ್ನಾಗಿ ಮಾಡಿದಿ ಅಂದ್ರ ಕೀಲಿ ನಿನ್ನ ಕೈಯಾಗ. ಕೆಡಿಸಿದಿ ಅಂದ್ರ ಮತ್ತ ಆ ಮಾತ ತಗೀಬ್ಯಾಡ."

ಒಳಗಿನಿಂದ ಅತ್ತೆಯ ಧ್ವನಿ ಬಂತು: "ರೊಟ್ಟಿ ಯಾರ ಬಡೀಬೇಕ ಅನ್ನೂದನ್ನೂ ಅಲ್ಲೇ ಮಾತಾಡ್ಕೊಂಡ ಬರ್ರಿ."

ಒಪ್ಪಿದೆ. ಒಪ್ಪಿದ ಮೇಲೆ ಹೆದರಿದೆ. ಹೆದರಿಕೆ ಪಾನಾ ಹಿಡಿದು ನಟ್ಟು ತಿರುವುವುದಕ್ಕಲ್ಲ, ಮಾವ ಪಕ್ಕದಲ್ಲಿ ನಿಂತಿರುತ್ತಾರಲ್ಲ, ಅದಕ್ಕೆ. ಯಾಕೆಂದರೆ ಹಿಂದಿನ ಸಲದ ಎಣ್ಣೆಯ ಕತೆ ಇಡೀ ಬಳಗಕ್ಕೆ ಗೊತ್ತಿತ್ತು.

ನಮ್ಮ ಮನೆಯಲ್ಲಿ ಗೊಟ್ಟ ಅಂತ ಒಂದಿತ್ತು. ಬಿದಿರಿನ ಗೇಣುದ್ದದ ಕೊಳವೆ, ಒಂದು ತುದಿ ಓರೆಯಾಗಿ ಕೊಯ್ದದ್ದು. ಎತ್ತಿನ ಮುಸುಡಿ ಮೇಲೆತ್ತಿ, ದವಡೆಯ ಸಂದಿನಲ್ಲಿ ಅದನ್ನು ತೂರಿಸಿ ಔಷಧಿ ಕುಡಿಸುತ್ತಾರೆ. ಬಿತ್ತಿಗೆಯ ಮುಂಚೆ ಮೈಗೆ ಕಸುವು ಬರಲೆಂದು ಕುಸುಬಿ ಎಣ್ಣೆಯನ್ನೂ ಹೀಗೇ ಕುಡಿಸುತ್ತಾರೆ. ಎತ್ತು ಹೋದರೂ ಗೊಟ್ಟ ಉಳಿದಿತ್ತು, ಕೈ ಸುಮ್ಮನಿರದ ಮಾವನೂ ಉಳಿದಿದ್ದರು. ಇವರು ಜೀಪಿನ ಎಣ್ಣೆ ಬದಲಿಸಲು ಲಾಳಿಕೆ ಹುಡುಕುತ್ತಿದ್ದಾಗ ಮಾವ ಗೊಟ್ಟ ತಂದು ಇಂಜಿನ್ನಿನ ಬಾಯಿಗೆ ಇಟ್ಟರು. ಸರಿಯಾಗಿ ಕೂತಿತು. ಅಲ್ಲಿಯವರೆಗೆ ತಪ್ಪೇನಿರಲಿಲ್ಲ.

ಎಣ್ಣೆ ಅಳೆಯುವ ಕಡ್ಡಿಯ ಮೇಲೆ ಎರಡು ಗೀಟು ಇರುತ್ತವೆ. ಎಣ್ಣೆ ಅವೆರಡರ ನಡುವೆ ಇರಬೇಕು. ಮೇಲಿನ ಗೀಟು ಮುಟ್ಟಿತು ಎಂದು ಇವರು ಡಬ್ಬಿ ಕೆಳಗಿಟ್ಟರೆ ಮಾವನಿಗೆ ಅವಮಾನವಾಯಿತು. ನಮ್ಮ ಮನೆಗೆ ಬಂದವರು ಎರಡು ಹೋಳಿಗೆ ಸಾಕು ಅಂದರೆ ನಾಲ್ಕು ಬೀಳುತ್ತವೆ, ತುಪ್ಪ ಕೈಮೇಲೆ ಹರಿಯುವವರೆಗೆ ತಂಬಿಗೆ ನೆಟ್ಟಗಾಗುವುದಿಲ್ಲ. ಅಂಥ ಮನೆಯಲ್ಲಿ ವರ್ಷವಿಡೀ ದುಡಿಯುವ ಪ್ರಾಣಿಗೆ ಗೀಟು ನೋಡಿ ಉಣ್ಣಿಸುವುದೆಂದರೆ! ಇವರು ಕೈ ತೊಳೆಯಲು ಹೋದಾಗ ಮಾವ ಉಳಿದ ಡಬ್ಬಿಯನ್ನೆಲ್ಲ ಗೊಟ್ಟದಲ್ಲಿ ಸುರಿದು, ಬಾನೆಟ್ ಮುಚ್ಚಿ, ಅದರ ಮೇಲೆ ಎರಡು ಸಲ ತಟ್ಟಿದರು.

ಮರುದಿನ ಸಂಬಂಧಿಕರ ಮಗುವಿನ ಜವಳಕ್ಕೆಂದು, ಅಂದರೆ ಮೊದಲ ಕೂದಲು ತೆಗೆಸಲು, ಸವದತ್ತಿಗೆ ಹೊರಟೆವು. ಹಿಂದೆ ಮುಂದೆ ತುಂಬಿ, ಮಡಿಲಲ್ಲಿ ಮಕ್ಕಳು, ಮಕ್ಕಳ ಮಡಿಲಲ್ಲಿ ಬುತ್ತಿಯ ಗಂಟು. ಗುಡ್ಡದ ಏರು ಹತ್ತುವಾಗ ಹಿಂದಿನಿಂದ ನೀಲಿ ಹೊಗೆ ಎದ್ದಿತು. ಅದು ಎಷ್ಟು ಎದ್ದಿತೆಂದರೆ ಹಿಂದೆ ಬರುತ್ತಿದ್ದ ಟೆಂಪೋದವರು ನಿಲ್ಲಿಸಿಬಿಟ್ಟರು. ಮಗು ಬಿಟ್ಟು ಉಳಿದವರೆಲ್ಲ ಅತ್ತರು ಎಂದು ಈಗಲೂ ನಗುತ್ತೇವೆ. ಕೆಳಗಿನಿಂದ ಬಂದ ಮೆಕ್ಯಾನಿಕ್ ಕಡ್ಡಿ ಎಳೆದು ನೋಡಿ ಹಣೆ ಬಡಿದುಕೊಂಡ.

"ಯಾರ್ರಿ ಇಷ್ಟ ಎಣ್ಣಿ ಹಾಕಿದವ್ರು? ಒಳಗ ಇಂಜಿನ್ ಈಸ ಹೊಡ್ಯಾಕ ಹತ್ತೇತಿ. ಹೆಚ್ಚಾದ್ರ ಬುರುಗ ಏಳತೈತಿ, ಸೀಲ್ ಹರೀತೈತಿ, ಹೊಗಿ ಬರತೈತಿ."

"ಹೊಟ್ಟಿತುಂಬ ಕೊಡೂದೂ ತಪ್ಪಾತ ಹಂಗಾರ?" ಅಂದರು ಮಾವ. ಇಳಿಯುವಾಗ ಅವರು ಜೀಪಿನ ಜೊತೆಗೂ ಮಾತಾಡಲಿಲ್ಲ, ನಮ್ಮ ಜೊತೆಗೂ ಮಾತಾಡಲಿಲ್ಲ. ಆದರೆ ತಪ್ಪು ಒಪ್ಪಿಕೊಂಡರೆಂದು ಯಾರೂ ತಿಳಿಯಬೇಡಿ. ಮೆಕ್ಯಾನಿಕ್ ಬಡಕಲಾಗಿದ್ದಾನೆ, ಅವನಿಗೆ ಉಣ್ಣುವ ಅಭ್ಯಾಸವಿಲ್ಲ, ಅದಕ್ಕೇ ಹಾಗೆ ಹೇಳುತ್ತಾನೆ ಎಂದು ಅತ್ತೆಯ ಮುಂದೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಈಗ ನನ್ನ ಸರದಿ. ಮೊದಲು ಎಣ್ಣೆ ಆರಿಸಬೇಕಲ್ಲ, ಬೈಲಹೊಂಗಲದ ಬಜಾರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಬಾಯಿ ತೆರೆಯಬಾರದು ಎಂಬ ಕರಾರಿನ ಮೇಲೆ ಇವರನ್ನೂ ಕರೆದುಕೊಂಡು ಹೋದೆ. ಇವರು ಸುಮ್ಮನಿದ್ದರು, ಅಂಗಡಿಯಲ್ಲಿ ಇದ್ದವರು ಸುಮ್ಮನಿರಲಿಲ್ಲ.

"ಅಕ್ಕಾರ, ಹಳೇ ಇಂಜಿನ್ನಿಗೆ ದಪ್ಪನ್ನ ಎಣ್ಣಿ ಒಯ್ರಿ," ಅಂದ ಲಾರಿಯವನೊಬ್ಬ.

"ದಪ್ಪಂದ ಒಯ್ದು ಏನ ಹಪ್ಪಳ ಕರೀತಾರೇನ? ತೆಳ್ಳಂದ ಒಯ್ರಿ, ಆವರೇಜ್ ಬರತೈತಿ," ಅಂದ ಇನ್ನೊಬ್ಬ. ಇಬ್ಬರೂ ನನ್ನನ್ನು ಬಿಟ್ಟು ತಮ್ಮತಮ್ಮಲ್ಲೇ ಜಗಳಕ್ಕೆ ನಿಂತರು.

ಅಂಗಡಿಯವರು ಡಬ್ಬಿಗಳನ್ನು ಸಾಲಾಗಿ ಇಟ್ಟರು. ಒಂದೊಂದರ ಮೇಲೆ ಎರಡೆರಡು ಸಂಖ್ಯೆ, ನಡುವೆ ಒಂದು ಇಂಗ್ಲಿಷ್ ಅಕ್ಷರ. ಏನಿದರ ಅರ್ಥ ಅಂದೆ.

"ಮೊದಲ್ನೇದು ಮುಂಜಾನಿ ಥಂಡ್ಯಾಗ ಎಷ್ಟ ಲಗೂ ಹರೀತೈತಿ ಅನ್ನೂದ್ರಿ, ಸಣ್ಣದಿದ್ದಷ್ಟ ಲಗೂ ಹರೀತೈತಿ. ಹಿಂದಿಂದು ಇಂಜಿನ್ ಕಾದ ಮ್ಯಾಲ ಎಷ್ಟ ಗಟ್ಟಿ ನಿಲ್ಲತೈತಿ ಅನ್ನೂದು. ಡೀಸೆಲ್ ಗಾಡಿಗೆ ಡೀಸೆಲ್ ಎಣ್ಣೀನ ಬೇಕ್ರಿ, ಪೆಟ್ರೋಲಿನ ಗಾಡೀದು ನಡ್ಯಂಗಿಲ್ಲ."

ಮುಂಜಾನೆ ಎದ್ದ ತಕ್ಷಣ ಸರಸರ ಓಡಾಡಬೇಕು, ಎಷ್ಟೇ ಕಾಯಿಸಿದರೂ ತೆಳ್ಳಗಾಗದೆ ಗಟ್ಟಿಯಾಗಿ ನಿಲ್ಲಬೇಕು. ಇದು ಎಣ್ಣೆಯ ಗುಣವೋ ಸೊಸೆಯ ಗುಣವೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಮ್ಮ ಊರಿನ ಚಳಿಗಾಲದ ಮುಂಜಾನೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂರುತ್ತದೆ, ಆಗ ಜೀಪೂ ನರಳುತ್ತಲೇ ಚಾಲೂ ಆಗುತ್ತದೆ. ಬೇಸಿಗೆಯಲ್ಲಿ ಅದೇ ಜೀಪು ಎರೆ ಹೊಲದ ಬಿಸಿಲಲ್ಲಿ ಬೇಯುತ್ತದೆ. ಹದಿನೈದು ಡಬ್ಲ್ಯೂ ನಲವತ್ತು ಕೊಡಿ ಅಂದೆ. ಎಣ್ಣೆ ಸೋಸುವ ಫಿಲ್ಟರೂ ಹೊಸದು ಬೇಕು, ಹಳೆಯ ಎಣ್ಣೆ ಇಳಿಸುವ ಕೆಳಗಿನ ಬೋಲ್ಟಿಗೆ ತಾಮ್ರದ ವಾಷರೂ ಬೇಕು ಅಂದೆ. ಅಂಗಡಿಯವರು ತಲೆದೂಗಿದರು. ಲಾರಿಯವನಿಗೆ ಒಪ್ಪಿಗೆಯಾಗಲಿಲ್ಲ, ಅವನು ಇನ್ನೂ ಜಗಳದಲ್ಲೇ ಇದ್ದ.

ಮನೆಯಲ್ಲಿ ಮಾವ ಒಂದು ಹನಿ ಎಣ್ಣೆಯನ್ನು ಬೆರಳ ಸಂದಿನಲ್ಲಿ ತಿಕ್ಕಿ, ಮೂಸಿ, ಬೆಳಕಿಗೆ ಹಿಡಿದು ನೋಡಿದರು. "ವಾಸನಿ ಇಲ್ಲ. ಜಿಗಟ ಐತಿ. ಕುಡೀತೈತಿ," ಅಂದರು.

ಸೋಮವಾರ ಬಂತು. ಜೀಪಿಗೆ ರಜೆ, ನನಗೆ ಪರೀಕ್ಷೆ. ಸೀರೆ ಉಟ್ಟು ಗಾಡಿಯ ಕೆಳಗೆ ಹೇಗೆ ತೂರುತ್ತೀ ಎಂದು ಇವರು ನಕ್ಕರು. ಅತ್ತೆ ನಗಲಿಲ್ಲ. ನನ್ನನ್ನು ಒಳಗೆ ಕರೆದೊಯ್ದು, ಕಳೆ ತೆಗೆಯಲು ಹೋಗುವಾಗ ಕಟ್ಟುವ ಹಾಗೆ ಗಟ್ಟಿಯಾಗಿ ಕಚ್ಚೆ ಕಟ್ಟಿ ಬೆನ್ನಿಗೆ ಒಂದು ಗುದ್ದು ಕೊಟ್ಟು ಹೊರಗೆ ಕಳಿಸಿದರು. ಅವರು ನನ್ನ ಕಡೆ ಇದ್ದಾರೆ ಎಂದು ಆಗ ಗೊತ್ತಾಯಿತು.

ಮಾವನನ್ನು ಕೇಳಿ ಕೀಲಿಕೈ ತೆಗೆದು, ಎಣ್ಣೆ ಸಡಿಲಾಗಲೆಂದು ಇಂಜಿನ್ನನ್ನು ಸ್ವಲ್ಪ ಹೊತ್ತು ಚಾಲೂ ಇಟ್ಟು ಆರಿಸಿದೆ. ಅದು ನಿಂತದ್ದು ಸಮನಾದ ನೆಲದ ಮೇಲೆಯೇ, ಚಕ್ರಗಳಿಗೆ ಕಲ್ಲು ಕೊಟ್ಟೆ. ಎತ್ತರದ ಗಾಡಿಯಾದ್ದರಿಂದ ಜಾಕ್ ಬೇಕಾಗಲಿಲ್ಲ. ಗೋಣಿಚೀಲದ ಮೇಲೆ ಅಂಗಾತ ಮಲಗಿ ಒಳಗೆ ಸರಿದೆ. ಮಲಗಿ ಮೇಲೆ ನೋಡಿದರೆ ಎಡವೂ ಬಲವೂ ಅದಲುಬದಲಾಗುತ್ತವೆ. ಬಿಚ್ಚುತ್ತಿದ್ದೇನೆಂದು ತಿಳಿದು ಬೋಲ್ಟನ್ನು ಇನ್ನಷ್ಟು ಬಿಗಿಯುತ್ತಿದ್ದೆ. ಇವರು ಏನೋ ಹೇಳಲು ಬಾಯಿ ತೆರೆದರು. ಅತ್ತೆ, "ನೀ ಸುಮ್ಮ ಕುಂಡ್ರೋ," ಅಂದರು. ಕೊನೆಗೆ ಪಾನಾ ಸರಿದಿಕ್ಕಿಗೆ ತಿರುಗಿತು. ಕಾಡಿಗೆಯಷ್ಟು ಕಪ್ಪಾದ ಬಿಸಿ ಎಣ್ಣೆ ಮೊಣಕೈವರೆಗೆ ಹರಿದು, ಆಮೇಲೆ ತಗಡಿನ ಬುಟ್ಟಿಯಲ್ಲಿ ಬಿತ್ತು. ಫಿಲ್ಟರು ಅಲುಗಾಡಲಿಲ್ಲ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ತಿರುವಿದೆ, ಬಂತು. ಹೋಳಿಗೆ ತಟ್ಟುವಾಗ ಅಂಗೈಗೆ ಸವರುವ ಹಾಗೆ ಹೊಸ ಫಿಲ್ಟರಿನ ರಬ್ಬರಿಗೆ ಎಣ್ಣೆ ಸವರಿ ಕೂರಿಸಿದೆ. ಹೊಸ ವಾಷರು ಹಾಕಿ ಬೋಲ್ಟು ಬಿಗಿದೆ.

ಹೊರಗೆ ಬಂದು ನೋಡಿದರೆ ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ. ಅರ್ಧ ಜನ ನನ್ನನ್ನು ನೋಡಲು, ಅರ್ಧ ಜನ ಹಳೆಯ ಎಣ್ಣೆಗೆ. ಬಾಗಿಲಿಗೆ, ತೊಲೆಗೆ ಬಳಿದರೆ ಗೆದ್ದಲು ಹತ್ತುವುದಿಲ್ಲವೆಂದು ಎಲ್ಲರ ಕೈಯಲ್ಲೂ ಒಂದೊಂದು ಡಬ್ಬಿ.

ಹೊಸ ಎಣ್ಣೆಗೆ ಗೊಟ್ಟವನ್ನೇ ಇಟ್ಟೆ. ಅದನ್ನು ಹಿಡಿಯುವುದು ತಮ್ಮ ಹಕ್ಕೆಂದು ಮಾವ ಬಂದು ನಿಂತರು, ಬೇಡ ಅನ್ನಲಿಲ್ಲ. ಸ್ವಲ್ಪ ಕಡಿಮೆಯೇ ಸುರಿದು, ಇಂಜಿನ್ ಚಾಲೂ ಮಾಡಿ, ಆರಿಸಿ, ಕೀಲಿಕೈಯನ್ನು ಮತ್ತೆ ಗೂಟಕ್ಕೆ ಹಾಕಿ ಬಂದು, ಎಣ್ಣೆ ಕೆಳಗಿಳಿಯಲೆಂದು ಕಾದೆ. ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ನೋಡಿದೆ. ಇನ್ನೊಂದಿಷ್ಟು ಸುರಿದೆ. ಮೇಲಿನ ಗೀಟಿಗೆ ಕೂದಲೆಳೆ ಕಡಿಮೆ. ಸಾಕು ಅಂದೆ.

ಡಬ್ಬಿಯಲ್ಲಿ ಎಣ್ಣೆ ಉಳಿದಿತ್ತು. ಮಾವ ಅದನ್ನು ಕೈಗೆತ್ತಿಕೊಂಡರು. "ಇನ್ನೊಂದ ಗೊಟ್ಟ ಆಗಲಿ ತಂಗಿ. ತಿರುಗ್ಯಾಡೂ ಜೀವ ಅದು."

"ಸಾಕ್ರಿ ಮಾವಾರ."

"ಒಂದ ಅರ್ಧ ಗೊಟ್ಟ."

ಸುರಿಯಲು ಬಿಟ್ಟರೆ ನಾಳೆ ಜೀಪು ಹೊಗೆ ಉಗುಳುತ್ತದೆ, ಎಣ್ಣೆ ಬದಲಿಸಿದವಳು ನಾನೇ, ಕೆಡಿಸಿದವಳೂ ನಾನೇ. ಕೈ ಹಿಡಿದು ತಡೆದರೆ ಓಣಿಯ ಮುಂದೆ ಮಾವನ ಕೈ ಹಿಡಿದ ಸೊಸೆಯಾಗುತ್ತೇನೆ. ಎರಡರಲ್ಲೂ ಕೀಲಿಕೈ ಗೂಟದಲ್ಲೇ ಉಳಿಯುತ್ತದೆ. ಡಬ್ಬಿ ಆಗಲೇ ಬಾಗುತ್ತಿತ್ತು.

ನಾನು ಗೊಟ್ಟವನ್ನು ಕಿತ್ತು, ಇಂಜಿನ್ನಿನ ಬಾಯಿಯ ಮೇಲೆ ಅಂಗೈ ಅಡ್ಡ ಇಟ್ಟೆ.

ನಮ್ಮ ಕಡೆ ಊಟಕ್ಕೆ ಕೂತವರು ಬಾಯಿಂದ ಎಷ್ಟು ಸಲ ಸಾಕು ಅಂದರೂ ಅದು ಲೆಕ್ಕಕ್ಕಿಲ್ಲ, ನಾಚಿಕೆಗೆ ಅನ್ನುತ್ತಾರೆ ಎಂದುಕೊಂಡು ಬಡಿಸುತ್ತಲೇ ಇರುತ್ತಾರೆ. ಆದರೆ ತಾಟಿನ ಮೇಲೆ ಅಂಗೈ ಅಡ್ಡ ಬಂತೆಂದರೆ ಮುಗಿಯಿತು. ಆ ಕೈಯ ಮೇಲೆ ಬಡಿಸಿದರೆ ಉಂಡವರನ್ನು ಅವಮಾನಿಸಿದ ಹಾಗೆ. ಎಂಥ ಉಣ್ಣಿಸುವ ಹುಚ್ಚಿನವರೂ ಅಲ್ಲಿ ನಿಲ್ಲುತ್ತಾರೆ.

ಡಬ್ಬಿಯಿಂದ ಒಂದು ಹನಿ ನನ್ನ ಅಂಗೈ ಹಿಂಬದಿಗೆ ಬಿತ್ತು. ಮಾವನ ಕೈ ನಿಂತಿತು. ಅವರು ನನ್ನ ಕೈ ನೋಡಿದರು, ಮುಖ ನೋಡಿದರು, ಜೀಪನ್ನು ನೋಡಿದರು.

"ಹೊಟ್ಟಿ ತುಂಬೇತೇನ?" ಅಂದರು.

"ತುಂಬೇತ್ರಿ."

"ಮೊದಲ ಹಂಗ ಕೈ ಅಡ್ಡ ಹಿಡೀಬೇಕಿಲ್ಲ? ಇಂವ ಬರೇ ಗೀಟು ಗೀಟು ಅಂತಾನ," ಎಂದು ಮಗನ ಕಡೆ ಡಬ್ಬಿ ಚಾಚಿ, ಗೋದಲಿಯ ಕಡೆ ನಡೆದರು. ಕೀಲಿಕೈ ತಂದು ನನ್ನ ಎಣ್ಣೆಗೈಯಲ್ಲಿ ಇಟ್ಟರು. "ಇವತ್ತ ಸೋಮವಾರ. ನಾಳೆ ಹೂಡು."

ನಾಳೆ ಹೂಡಲಾಗಲಿಲ್ಲ. ಮಂಗಳವಾರ ಹೆಣ್ಣುಮಗಳನ್ನು ಮನೆಯಿಂದ ಕಳಿಸಬಾರದೆಂದು ಅತ್ತೆ ಅಡ್ಡ ಬಂದರು. ಬುಧವಾರ ಮುಂಜಾನೆ ಹೊರಟೆ. ಯರಗಟ್ಟಿ ದಾಟುವವರೆಗೆ ನಾನು ರಸ್ತೆಗಿಂತ ಕನ್ನಡಿ ನೋಡಿದ್ದೇ ಹೆಚ್ಚು. ಹಿಂದೆ ಹೊಗೆ ಇರಲಿಲ್ಲ, ಬರೀ ನಮ್ಮ ಸೀಮೆಯ ಧೂಳಿತ್ತು. ಆಮೇಲೆ ನನಗೆ ಎಂಥ ಖುಷಿಯಾಯಿತೆಂದರೆ, ಎದುರು ಯಾರೂ ಇಲ್ಲದಿದ್ದರೂ ಹಾರ್ನ್ ಹೊಡೆದೆ.

ರಾಮದುರ್ಗದ ಮನೆಯ ಮುಂದೆ ಜೀಪು ನಿಂತಾಗ ಅಣ್ಣ ಅಂಗಡಿಗೆ ಹೋಗಿದ್ದ. ಅವ್ವ ಒಬ್ಬಳೇ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನು ಇಳಿದೆ. ಅವಳು ನನ್ನನ್ನು ನೋಡಿ ನಕ್ಕು, ನನ್ನ ಹಿಂದೆ ಯಾರಿಳಿಯುತ್ತಾರೆ ಎಂದು ಕಾದಳು. ಯಾರೂ ಇಳಿಯಲಿಲ್ಲ. ಎದ್ದು ಬಂದು ಹಿಂದಿನ ಬಾಗಿಲು ತೆರೆದು ಒಳಗೆ ನೋಡಿದಳು.

"ಯಾರ ಕರಕೊಂಡ ಬಂದ್ರಬೇ?"

"ಯಾರೂ ಇಲ್ಲಬೇ. ನಾನ ಬಂದೇನಿ."

"ಜಗಳ ಆಗೇತೇನ?"

"ಇಲ್ಲ. ಕೀಲಿ ಮಾವಾರ ಕೊಟ್ಟಾರ."

"ಹಂಗಾರ ಒಯ್ಯಾಕ ಯಾರ ಬರತಾರ?"

"ಯಾರೂ ಬರಂಗಿಲ್ಲ. ಹೋಗ್ಬೇಕ ಅನಿಸಿದಾಗ ಹೋಗತೇನಿ."

ಅವ್ವ ಜೀಪಿನ ಬಾಗಿಲು ಮುಚ್ಚಿದಳು. ಆಮೇಲೆ ಒಳಗೆ ಹೋದಳು. ನೀರು ತರಲು ಹೋದಳೆಂದು ತಿಳಿದು ನಾನು ಕಟ್ಟೆಯ ಮೇಲೆ ಕೂತೆ. ಹೊರಗೆ ಬಂದಾಗ ಅವಳು ಪೆಟ್ಟಿಗೆಯೊಳಗಿನ ಇಳಕಲ್ ಸೀರೆ ಉಟ್ಟಿದ್ದಳು, ಕಾಲಲ್ಲಿ ಚಪ್ಪಲಿ ಇದ್ದವು. ಬಾಗಿಲಿಗೆ ಕೀಲಿ ಹಾಕಿದಳು.

"ಎಲ್ಲಿಗೆಬೇ?" ಅಂದೆ.

"ತೊರಗಲ್ಲಿಗೆ."

ತೊರಗಲ್ಲು ನನ್ನ ಅವ್ವನ ತವರು. ರಾಮದುರ್ಗದಿಂದ ಬಸ್ಸು ಹತ್ತಿದರೆ ಕೂತು ಉಸಿರು ಬಿಡುವಷ್ಟರಲ್ಲಿ ಬರುವ ಊರು. ಸೋದರಮಾವ ತೀರಿಕೊಂಡ ಮೇಲೆ ಅವ್ವ ಅಲ್ಲಿಗೆ ಹೋದದ್ದನ್ನು ನಾನು ನೋಡಿಯೇ ಇರಲಿಲ್ಲ. ಮೊಣಕಾಲು ನೋವೆಂದು ಹೇಳುತ್ತಿದ್ದಳು, ನಾವೆಲ್ಲ ನಂಬಿದ್ದೆವು.

ಅವಳು ಮುಂದಿನ ಸೀಟಿಗೆ ಹತ್ತಿ ಕೂತು, ಸೆರಗು ಸರಿಮಾಡಿಕೊಂಡು, ರಸ್ತೆಯ ಕಡೆ ನೋಡುತ್ತಲೇ ಹೇಳಿದಳು:

"ನಮ್ಮಣ್ಣ ಹ್ವಾದ ಮ್ಯಾಗ ನನ್ನ ಕರ್ಯಾಕ ಯಾರೂ ಬರಲಿಲ್ಲವ್ವಾ. ಕರೀದ ಹೆಂಗ ಹೋಗಲಿ? ಇವತ್ತ ನೀ ಬಂದಿ. ನಡಿ."

ಅಳುತ್ತಲೇ ಕೀಲಿ ತಿರುವಿದೆ.